ಬಿ.ಎಡ್. ಪಾಠಯೋಜನೆ ರೆಕಾರ್ಡ್: ಇಂಟರ್ನ್‌ಶಿಪ್‌ಗೆ ಅಚ್ಚಾದದ್ದು ಬೇಡ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಸಿಗುವ ಅಚ್ಚಾದ ಪಾಠಯೋಜನೆ ರೆಕಾರ್ಡನ್ನು ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಹಿಂದುಮುಂದು ನೋಡದೆ ಕೊಳ್ಳುತ್ತಾರೆ. ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಕಲಿಕೋಪಕರಣ, ಕಪ್ಪುಹಲಗೆ ಕೆಲಸ, ಮೌಲ್ಯಮಾಪನ, ಎಲ್ಲಕ್ಕೂ ಗೆರೆ ಹೊಡೆದು ಸಿದ್ಧವಾಗಿರುತ್ತದೆ. ಸೂಕ್ಷ್ಮ ಬೋಧನೆಗೆ, ಅಂದರೆ ಒಂದೊಂದೇ ಬೋಧನಾ ಕೌಶಲ ರೂಢಿಸಿಕೊಳ್ಳುವ ಪುಟ್ಟ ಪಾಠಕ್ಕೆ, ಇದು ಧಾರಾಳ ಸಾಕು. ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್‌ಗೆ ಮಾತ್ರ ಬೇಡ.

ತೊಂದರೆ ಇರುವುದು ಪುಟದ ಬುಡದಲ್ಲಿ. 'ಮಾರ್ಗದರ್ಶಕ ಶಿಕ್ಷಕರ ಅಭಿಪ್ರಾಯ' ಎಂದು ಎರಡು ಚುಕ್ಕೆಗೆರೆ, ಪಕ್ಕದಲ್ಲಿ ಸಹಿ. ಅಷ್ಟರಲ್ಲಿ 'ಉತ್ತಮ' ಎಂಬುದು ಬಿಟ್ಟು ಬೇರೇನೂ ಹಿಡಿಯದು. ಸೂಕ್ಷ್ಮ ಬೋಧನೆಯ 36 ನಿಮಿಷದ ಚಕ್ರದಲ್ಲಿ ಬೋಧನೆಗೆ 6 ನಿಮಿಷವಾದರೆ ಹಿಮ್ಮಾಹಿತಿಗೂ (ಪಾಠ ಹೇಗಿತ್ತೆಂಬ ಮಾತುಕತೆಗೂ) 6, ಮರುಯೋಜನೆಗೆ 12. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮದಂತೆ ಎರಡು ವರ್ಷದಲ್ಲಿ ಕನಿಷ್ಠ 20 ವಾರ ನಿಜವಾದ ಶಾಲೆಯಲ್ಲಿರುವಾಗ ಆ ಮಾತುಕತೆಗೆ ಉಳಿಯುವುದು ಎರಡು ಸಾಲು. ವಾರದ ಕೊನೆಗೆ ಐದಾರು ಪಾಠ ಒಟ್ಟಿಗೆ ಹಿಡಿದು "ಸರ್, ಸಹಿ ಮಾಡ್ರಿ" ಎಂದು ನಿಲ್ಲುವ ರೂಢಿ ಹುಟ್ಟುವುದೇ ಇಲ್ಲಿಂದ.

ಇನ್ನೂ ದೊಡ್ಡ ದೋಷ, ಕೆಲವು ಪುಸ್ತಕಗಳ ಹಿಂಭಾಗದ ಮಾದರಿ ಪಾಠಗಳು. 8ನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ರೈಜೋಬಿಯಂ (ದ್ವಿದಳ ಧಾನ್ಯದ ಗಿಡಗಳ ಬೇರಿನ ಗಂಟುಗಳಲ್ಲಿದ್ದು ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಬಂತೆಂದರೆ 'ಕಲಿಕೋಪಕರಣ: ಚಾರ್ಟ್' ಎಂದು ನಕಲಾಗುತ್ತದೆ. ಯೋಜನೆ ಮೊದಲೇ ಕೈಗೆ ಸಿಕ್ಕಿದ್ದರೆ ಮಾರ್ಗದರ್ಶಕರಾದ ಇಲ್ಲಿನ ಅನುಭವಿ ಮಾಸ್ತರರು "ಚಾರ್ಟ್ ಬ್ಯಾಡ್ರಿ ಮೇಡಂ, ಹೊಲದಾಗಿಂದ ಒಂದು ತೊಗರಿ ಗಿಡ ತರ್ರಿ" ಎಂದಿರುತ್ತಿದ್ದರು. ಹೂ ಬಿಡುವ ಮೊದಲು, ನೆಲ ಹಸಿಯಿದ್ದಾಗ, ಸಲಿಕೆಯಿಂದ ಬುಡ ಸಡಿಲಿಸಿ ಎತ್ತಬೇಕು. ಕೈಯಿಂದ ಜಗ್ಗಿದರೆ ಗಂಟುಗಳು ಎರೆಮಣ್ಣಿನಲ್ಲೇ ಉಳಿಯುತ್ತವೆ. ಬೇರು ನೀರಿನಲ್ಲಿ ಅದ್ದಿ ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಅದು ಸಾರಜನಕ ಹಿಡಿಯುತ್ತಿದೆ ಎಂಬುದರ ಗುರುತು. ಇಂಥ ಸಲಹೆ ಪಾಠಕ್ಕೆ ಮೊದಲೇ ಸಿಗಬೇಕು. ಅಚ್ಚಾದ ರೆಕಾರ್ಡಿನಲ್ಲಿ ಮಾರ್ಗದರ್ಶಕರ ಸರದಿ ಬರುವುದೇ ಪಾಠ ಮುಗಿದ ಮೇಲೆ.

ಬದಲಿಗೆ 200 ಪುಟದ ಲಾಂಗ್‌ಬುಕ್ ಕೊಳ್ಳಿ. ಹೊಲಿಗೆಯ ಬೈಂಡಿಂಗ್ ಇರಲಿ, ಪಿನ್ ಹೊಡೆದದ್ದರ ನಡುಹಾಳೆಗಳು ಬೇಗ ಕಿತ್ತುಬರುತ್ತವೆ. ಎಡಪುಟ ಯೋಜನೆಗೆ, ಬಲಪುಟ ಪೂರ್ತಿ ಮಾರ್ಗದರ್ಶಕರಿಗೆ. ಬಲಪುಟದ ಮೇಲಿನ ಕಾಲುಭಾಗಕ್ಕೆ 'ಪಾಠಕ್ಕೆ ಮೊದಲು' ಎಂದು ಬರೆದು ಎರಡು ದಿನ ಮುಂಚೆ ಪುಸ್ತಕ ಕೊಡಬೇಕು. ಅಂದೇ ಪ್ರಾರ್ಥನೆಯ ಹೊತ್ತಿಗೆ ಕೊಟ್ಟರೆ ಹಾಜರಿ, ಬಿಸಿಯೂಟದ ಲೆಕ್ಕದ ನಡುವೆ ಅವರಾದರೂ ಹೇಗೆ ಓದಿಯಾರು? ನಡುವೆ 'ಸಮಯ', 'ನಡೆದದ್ದು' ಎಂದು ಎರಡು ಅಂಕಣ. ಹಿಂದಿನ ಬೆಂಚಿನಲ್ಲಿ ಕೂತು ಕಂಡದ್ದನ್ನಷ್ಟೇ ಅಲ್ಲಿ ಬರೆಯಲು ಕೇಳಿಕೊಳ್ಳಿ: "11.20, ಪ್ರಶ್ನೆ ಕೇಳಿ ಉತ್ತರ ತಾವೇ ಹೇಳಿದಿರಿ." "11.32, ಕಿಟಕಿ ಕಡೆಯ ಸಾಲಿಗೆ ಒಂದೂ ಪ್ರಶ್ನೆ ಹೋಗಿಲ್ಲ." 'ತರಗತಿ ನಿಯಂತ್ರಣ ಸುಧಾರಿಸಿ' ಎಂದು ಬರೆದರೆ ಮನಸ್ಸು ಮುದುಡುತ್ತದೆ, ಏನು ತಿದ್ದಬೇಕೆಂಬುದೂ ತಿಳಿಯುವುದಿಲ್ಲ. ಕೊನೆಯಲ್ಲಿ ಮುಂದಿನ ಪಾಠಕ್ಕೆ ಒಂದೇ ತಿದ್ದುಪಡಿ. ನಾಲ್ಕು ಬರೆದರೆ ಹೊಸಬರ ಕೈಗೆ ಒಂದೂ ಹತ್ತುವುದಿಲ್ಲ.

ಕಾಲೇಜು ಅಚ್ಚಾದ ನಮೂನೆಯನ್ನೇ ಕಡ್ಡಾಯ ಮಾಡಿದ್ದರೆ, ಪ್ರತಿ ಪಾಠದ ಎದುರು ಒಂದು ಬಿಳಿ ಹಾಳೆ ಅಂಟಿಸಿ ಇದೇ ರೀತಿ ಗೆರೆ ಹೊಡೆಯಿರಿ. ಗೋಂದು ಒಳ ಅಂಚಿಗೆ ಮಾತ್ರ ಸಾಕು. ರೆಕಾರ್ಡ್ ಸಲ್ಲಿಸುವಾಗ ಚಂದ ಕಾಣಲೆಂದು ಆ ಹಾಳೆ ಕೀಳಬೇಡಿ. ಪರೀಕ್ಷಕರು ಓದಬೇಕಾದದ್ದು ಅದರಲ್ಲೇ ಇದೆ.