ಹುಡುಗಿ ಕಾಣೆಯಾದ ರಾತ್ರಿ ನಾವು ಮಾಡಿದ್ದನ್ನು ನೀವು ಮಾಡಬೇಡಿ

ಮೊನ್ನೆ ರಾತ್ರಿ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಫೋಟೊ ಹಾಕಿದ್ದರು. ‘ಈ ಹುಡುಗಿ ಕಾಣೆಯಾಗಿದ್ದಾಳೆ, ಸಿಗುವವರೆಗೂ ಶೇರ್ ಮಾಡಿ’ ಎಂದು ಕೆಳಗೆ ಬರೆದಿತ್ತು. ಅವಳು ನನ್ನ ತಂಗಿಯ ಮಗಳು. ಸಿಕ್ಕಿ ಹದಿನಾಲ್ಕು ತಿಂಗಳಾಯಿತು. ಈಗ ನಮ್ಮ ಮನೆಯಲ್ಲೇ ಇದ್ದು ಬೇರೆ ಕಾಲೇಜಿಗೆ ಹೋಗುತ್ತಿದ್ದಾಳೆ. ಆ ಮೆಸೇಜ್ ಬಂದಾಗ ಪಕ್ಕದ ಕೋಣೆಯಲ್ಲಿ ಓದುತ್ತಾ ಕೂತಿದ್ದಳು. ಆ ಫೋಟೊವನ್ನು ಮೊದಲು ಹಾಕಿದವನು ನಾನೇ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಊರು ಯಾವುದು, ತಿಂಗಳು ಯಾವುದು ಎಂದು ಹೇಳುವುದಿಲ್ಲ. ಅಂಕೋಲಾಕ್ಕೂ ಕುಮಟಾಕ್ಕೂ ನಡುವೆ ಎಂದರೆ ಸಾಕು. ಅವಳು ಯಾಕೆ ಮನೆ ಬಿಟ್ಟಳು ಎನ್ನುವುದನ್ನೂ ಬರೆಯುವುದಿಲ್ಲ, ಅದು ಅವಳ ವಿಷಯ. ಆ ರಾತ್ರಿ ದೊಡ್ಡವರಾದ ನಾವು ಏನೇನು ಹಾಳು ಮಾಡಿದೆವು, ಅಷ್ಟನ್ನೇ ಹೇಳುತ್ತೇನೆ.

ಆಗ ಅವಳಿಗೆ 16, ಪಿಯುಸಿ ಮೊದಲ ವರ್ಷ. ಸಂಜೆ ನಾಲ್ಕೂವರೆಗೆ ಟ್ಯೂಷನ್ ಎಂದು ಬ್ಯಾಗ್ ಹಾಕಿಕೊಂಡು ಹೋದಳು. ಏಳು ಗಂಟೆಯಾದರೂ ಬರಲಿಲ್ಲ. ತಂಗಿ ಫೋನ್ ಮಾಡಿದಾಗ ಅವಳ ಬಾಯಲ್ಲಿ ಮಾತೇ ಹೊರಡುತ್ತಿರಲಿಲ್ಲ. ‘ಅಣ್ಣಾ, ಅವಳ ಫೋನು ಬಂದ್ ಬರ್ತಾ ಇದೆ’ ಎಂದಷ್ಟೇ ಹೇಳಿದಳು. ನಾನು ಬೈಕ್ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಅಲ್ಲಿದ್ದೆ.

ಠಾಣೆಗೆ ಹೋಗೋಣ ಎಂದೆ. ಭಾವ ಬೇಡ ಎಂದರು. ಹೆಣ್ಣು ಹುಡುಗಿ, ಠಾಣೆ ಮೆಟ್ಟಿಲು ಹತ್ತಿದರೆ ನಾಳೆ ಊರೆಲ್ಲ ಸುದ್ದಿ, ಮುಂದೆ ಅವಳ ಗತಿ ಏನು ಎಂದರು. ಇನ್ನೊಬ್ಬರು, 24 ಗಂಟೆ ಆಗದೆ ಪೊಲೀಸರು ದೂರು ತಗೊಳ್ಳೋದೇ ಇಲ್ಲ ಎಂದರು. ಇದು ಶುದ್ಧ ಸುಳ್ಳು. ಕಾಣೆಯಾದ ಮಗುವಿನ ಬಗ್ಗೆ ದೂರು ಬಂದರೆ ಕೂಡಲೇ ಎಫ್‌ಐಆರ್ ಮಾಡಬೇಕು, ಅಪಹರಣ ಅಥವಾ ಮಾನವ ಸಾಗಣೆ ಎಂದೇ ಹಿಡಿದು ಹುಡುಕಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 18 ತುಂಬದ ಎಲ್ಲರೂ ಮಕ್ಕಳೇ. ನಮಗೆ ಅದು ಗೊತ್ತಿರಲಿಲ್ಲ.

ಹೀಗೆ ಮರ್ಯಾದೆಗೆ ಹೆದರಿ ಠಾಣೆಗೆ ಹೋಗದ ನಾವು ಮಾಡಿದ್ದೇನು ಗೊತ್ತಾ? ಅವಳ ಯೂನಿಫಾರ್ಮ್ ಫೋಟೊ, ಕಾಲೇಜಿನ ಹೆಸರು, ಅಪ್ಪನ ಹೆಸರು, ಅಪ್ಪನ ಮೊಬೈಲ್ ನಂಬರ್ ಎಲ್ಲ ಸೇರಿಸಿ ನಾನು ಹನ್ನೊಂದು ಗ್ರೂಪುಗಳಿಗೆ ಹಾಕಿದೆ. ಜಾತಿ ಸಂಘದ ಗ್ರೂಪು, ಕ್ರಿಕೆಟ್ ಗ್ರೂಪು, ಮೀನು ಮಾರ್ಕೆಟ್ ದರದ ಗ್ರೂಪು, ಎಲ್ಲಕ್ಕೂ. ಒಬ್ಬ ಪೊಲೀಸರಿಗೆ ಹೇಳಲು ನಾಚಿದವರು ಸಾವಿರಾರು ಜನಕ್ಕೆ ಹೇಳಿದೆವು. ಆ ಗಳಿಗೆಯಲ್ಲಿ ಏನೋ ಮಾಡುತ್ತಿದ್ದೇವೆ ಅಂತ ಸಮಾಧಾನ ಆಗಿತ್ತು. ಅದೇ ಮೋಸ.

ಎಂಟೂವರೆ ಹೊತ್ತಿಗೆ ಒಬ್ಬ ಬರೆದ: ‘ಅವಳ ಟ್ಯೂಷನ್ ಮಾಸ್ತರ ಫೋನೂ ಸ್ವಿಚ್ ಆಫ್ ಬರ್ತಾ ಇದೆ.’ ಇದು ನಿಜವಾಗಿತ್ತು. ಅವನು ಒಳ್ಳೆಯ ಮನಸ್ಸಿನಿಂದಲೇ ವಿಚಾರಿಸಿದ್ದ. ಐದು ನಿಮಿಷದಲ್ಲಿ ಇನ್ನೊಂದು ಬಂತು: ‘ಮಾಸ್ತರೂ ಊರಲ್ಲಿ ಇಲ್ಲವಂತೆ.’ ಇದೂ ನಿಜ. ಆಮೇಲೆ ‘ಇಬ್ಬರೂ ಒಟ್ಟಿಗೆ ಇಲ್ಲ ಅಂದ್ರೆ ಏನರ್ಥ?’ ಆಮೇಲೆ ‘ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ಕಂಡವರಿದ್ದಾರೆ.’ ಒಂಬತ್ತೂವರೆಗೆ ಒಂದು ವಾಯ್ಸ್ ಮೆಸೇಜ್, ಯಾರೋ ಹೆಂಗಸಿನ ಧ್ವನಿ: ಮಾಸ್ತರು ಹುಡುಗಿಯನ್ನು ಹಾರಿಸಿಕೊಂಡು ಹೋಗಿದ್ದಾನೆ, ಮೊದಲಿಂದಲೂ ಅವನ ನಡತೆ ಸರಿ ಇರಲಿಲ್ಲ. ಮಾಸ್ತರು ‘ಅವನು’ ಆಗಲು ಒಂದು ಗಂಟೆಗಿಂತ ಹೆಚ್ಚು ಬೇಕಾಗಲಿಲ್ಲ.

ನಾನೂ ನಂಬಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳ ಮೇಜಿನ ಮೇಲೆ ಮಾಸ್ತರು ಕೊಟ್ಟ ಒಂದು ಗಣಿತದ ಪುಸ್ತಕ ಇತ್ತು. ಅದರ ಮೊದಲ ಪುಟದಲ್ಲಿ ‘ಚೆನ್ನಾಗಿ ಓದು’ ಎಂದು ಬರೆದು ಸಹಿ ಮಾಡಿದ್ದರು. ಬೇರೆ ದಿನ ಆಗಿದ್ದರೆ ಅದನ್ನು ನೋಡಿ ಎಷ್ಟು ಒಳ್ಳೆಯವರು ಎನ್ನುತ್ತಿದ್ದೆ. ಆ ರಾತ್ರಿ ಅದೇ ಪುಸ್ತಕ ಹಿಡಿದುಕೊಂಡು ‘ಇಲ್ಲಿ ನೋಡಿ, ಇವಳಿಗೇ ಯಾಕೆ ಕೊಟ್ಟ?’ ಎಂದು ಭಾವನಿಗೆ ತೋರಿಸಿದೆ. ಆಮೇಲೆ ತಿಳಿಯಿತು, ಆ ವರ್ಷ ಎಂಟು ಮಕ್ಕಳಿಗೆ ಕೊಟ್ಟಿದ್ದರಂತೆ.

ಹತ್ತು ಗಂಟೆಗೆ ಮಾಸ್ತರ ಮನೆಯ ಮುಂದೆ ಮೂವತ್ತು ನಲವತ್ತು ಜನ. ಒಳಗೆ ಅವರ ಹೆಂಡತಿ, ಎರಡು ವರ್ಷದ ಮಗು ಮಾತ್ರ. ನಾನು ಅಲ್ಲಿಗೆ ಹೋಗಿರಲಿಲ್ಲ, ಆದರೆ ಅವರನ್ನು ಕಳಿಸಿದ್ದು ನಾನು ಹಾಕಿದ ಫೋಟೊವೇ ಅಲ್ವಾ. ಯಾರೋ ಕಲ್ಲು ಎಸೆದು ಜಗಲಿಯ ಮೇಲಿನ ಹಂಚು ಒಡೆದರು. ನಮ್ಮ ಜಿಲ್ಲೆಯವರಿಗೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಹೊಸದಾಗಿ ಹೇಳಬೇಕಾಗಿಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯಲ್ಲಿ ಒಬ್ಬ ಹುಡುಗನ ಶವ ಸಿಕ್ಕಾಗ ಎಂತೆಂಥ ಮಾತು ಹಬ್ಬಿತ್ತು, ಕುಮಟಾ, ಶಿರಸಿ, ಕಾರವಾರ ಹೇಗೆ ಹೊತ್ತಿ ಉರಿದವು, ನೆನಪಿರಬೇಕು. ಅದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಟ್ಟಿದ್ದು 2022ರಲ್ಲಿ.

ಅಷ್ಟು ಹೊತ್ತಿಗೆ ಭಾವನ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಒಬ್ಬ ಹಿಂದಿಯಲ್ಲಿ, ಹುಡುಗಿ ನಮ್ಮ ಹತ್ತಿರ ಇದ್ದಾಳೆ, ಊಟ ಹಾಕಿಸಿದ್ದೇವೆ, ಬಸ್ಸಿಗೆ ಕೂರಿಸಲು ದುಡ್ಡು ಕಳಿಸಿ ಎಂದ. ಅವಳ ಡ್ರೆಸ್ಸಿನ ಬಣ್ಣ ಸರಿಯಾಗಿ ಹೇಳಿದ. ಹೇಳದೆ ಏನು, ಫೋಟೊದ ಕೆಳಗೆ ನಾನೇ ಬರೆದಿದ್ದೆನಲ್ಲ. ಭಾವ 8,000 ರೂಪಾಯಿ ಫೋನ್‌ಪೇ ಮಾಡಿದರು. ಆಮೇಲೆ ಆ ನಂಬರ್ ಬಂದ್. ಇನ್ನೊಬ್ಬ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನೋಡಿದೆ ಎಂದ. ಅವಳ ದೊಡ್ಡಪ್ಪ ಕಾರು ತೆಗೆದುಕೊಂಡು ಆ ಕತ್ತಲೆಯಲ್ಲಿ ಅರಬೈಲ್ ಘಟ್ಟ ಹತ್ತಿದರು. ಮಕ್ಕಳು ಕಾಣೆಯಾದ ಪೋಸ್ಟುಗಳನ್ನೇ ಹುಡುಕಿ ಅಪ್ಪ-ಅಮ್ಮನನ್ನು ದೋಚುವವರು ಇದ್ದಾರೆ ಎಂಬುದು ನನಗೆ ಗೊತ್ತಾಗಿದ್ದು ಆವತ್ತೇ. ಇಂಥದ್ದು ಆದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ವಾಪಸ್ ಬರುವುದು ಕಷ್ಟ.

ಕೊನೆಗೆ ಠಾಣೆಗೆ ಹೋಗಿದ್ದು ಹತ್ತೂಮುಕ್ಕಾಲಿಗೆ. ಅಲ್ಲಿದ್ದವರು ಒಂದು ಮಾತೂ ಆಡದೆ ದೂರು ಬರೆದುಕೊಂಡರು. ಆದರೆ ರಾತ್ರಿ ಡ್ಯೂಟಿಯಲ್ಲಿದ್ದ ಕೆಲವೇ ಜನರಲ್ಲಿ ಮೂವರು ಆಗಲೇ ಮಾಸ್ತರ ಮನೆ ಕಾಯಲು ಹೋಗಿಯಾಗಿತ್ತು. ಹುಡುಗಿಯನ್ನು ಹುಡುಕಬೇಕಾದವರು ನಾವು ಎಬ್ಬಿಸಿದ ಜನರನ್ನು ಚದುರಿಸುತ್ತಿದ್ದರು. ಅವಳ ಫೋನಿನ ಐಎಂಇಐ ನಂಬರ್ ಕೇಳಿದರು. ಅದು ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್, ಫೋನಿನ ಡಬ್ಬದ ಮೇಲೆ ಇರುತ್ತದೆ, ನಾವು ಡಬ್ಬ ಎಸೆದಿದ್ದೆವು. ಇನ್‌ಸ್ಟಾಗ್ರಾಂ ಖಾತೆ ಕೇಳಿದರು. ಅದನ್ನು ತೆರೆಯಲು ನನ್ನ ಮಗ ಹತ್ತಾರು ಪಾಸ್‌ವರ್ಡ್ ಹಾಕಿ ನೋಡಿ, ಖಾತೆ ಲಾಕ್ ಆಗಿತ್ತು. ಒಂದೊಂದೂ ನಮ್ಮ ಕೈಯಿಂದಲೇ ಕೆಟ್ಟಿತ್ತು.

ಒಬ್ಬ ಮಹಿಳಾ ಪೊಲೀಸ್ ಮಾತ್ರ ಗ್ರೂಪಿನ ಸುದ್ದಿಗೆ ಕಿವಿ ಕೊಡಲಿಲ್ಲ. ಅವಳ ಆಪ್ತ ಗೆಳತಿ ಯಾರು ಎಂದು ಕೇಳಿ, ಮಧ್ಯರಾತ್ರಿ ಆ ಹುಡುಗಿಯ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಅಡಿಗೆಮನೆಯಲ್ಲಿ ಅವಳ ಆಯಿಯನ್ನು ಪಕ್ಕ ಕೂರಿಸಿಕೊಂಡು, ಬೈಯದೆ, ಹೆದರಿಸದೆ ಮಾತಾಡಿಸಿದರು. ಆ ಗೆಳತಿಗೆ ಆರು ಗಂಟೆಯಿಂದಲೇ ಗೊತ್ತಿತ್ತು. ಮಡಗಾಂವಿಗೆ ಹೋಗುವ ರೈಲು ಹತ್ತಿದ್ದೇನೆ ಎಂದು ಅವಳಿಗೆ ಮೆಸೇಜ್ ಬಂದಿತ್ತು. ಯಾಕೆ ಹೇಳಲಿಲ್ಲ ಎಂದಾಗ ನನ್ನ ಮುಖ ನೋಡಿ ಅತ್ತಳು. ‘ಎಲ್ಲರೂ ಮಾಸ್ತರು ಅಂತಿದ್ರು ಮಾಮಾ. ನಾ ಬೇರೆ ಹೇಳಿದ್ರೆ ನನ್ನನ್ನೇ ಹಿಡೀತಾರೆ ಅಂತ ಹೇಳೂಕೆ ಹೆದರಿಕೆ ಆಯ್ತು.’

ಗೆಳತಿಯ ಬಾಯಿ ಕಟ್ಟಿಹಾಕಿದ್ದು ನಮ್ಮ ಗ್ರೂಪು. ಇದನ್ನು ನೆನೆಸಿಕೊಂಡರೆ ಈಗಲೂ ನಿದ್ದೆ ಬರುವುದಿಲ್ಲ.

ಅಲ್ಲಿಂದಲೇ ಮಡಗಾಂವ್ ರೈಲ್ವೆ ಪೊಲೀಸರಿಗೆ ಫೋನ್ ಹೋಯಿತು. ಎರಡೂವರೆಗೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಿಕ್ಕಿದಳು. ಅಷ್ಟರಲ್ಲಿ ಇಬ್ಬರು ಗಂಡಸರು ಎರಡು ಸಲ ಬಂದು ರೂಮ್ ಕೊಡಿಸುತ್ತೇವೆ, ಬಾ ಎಂದು ಕರೆದಿದ್ದರಂತೆ. ಕಸ ಗುಡಿಸುವ ಕೊಂಕಣಿ ಹೆಂಗಸೊಬ್ಬರು ಅನುಮಾನ ಬಂದು ಇವಳ ಪಕ್ಕದಲ್ಲೇ ಕೂತುಬಿಟ್ಟಿದ್ದರು, ಪೊಲೀಸರು ಬರುವವರೆಗೂ ಎದ್ದು ಹೋಗಲಿಲ್ಲ. ಆ ತಾಯಿ ಇಲ್ಲದೇ ಇದ್ದಿದ್ದರೆ ಎಂದು ಯೋಚಿಸಲೂ ನನಗೆ ಧೈರ್ಯವಿಲ್ಲ. ಮರುದಿನ ಅಲ್ಲಿಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ನಮಗೆ ಒಪ್ಪಿಸಿದರು.

ಮಾಸ್ತರು ಅಪ್ಪನನ್ನು ಕರೆದುಕೊಂಡು ಮಣಿಪಾಲದ ಆಸ್ಪತ್ರೆಗೆ ಹೋಗಿದ್ದರು. ಫೋನ್ ಚಾರ್ಜ್ ಮುಗಿದಿತ್ತು, ಅಷ್ಟೇ. ದೊಡ್ಡ ಕಾಯಿಲೆ ಬಂದರೆ ನಮ್ಮ ಜಿಲ್ಲೆಯವರೆಲ್ಲ ಓಡುವುದು ಮಣಿಪಾಲಕ್ಕೆ, ಮಂಗಳೂರಿಗೆ, ಇಲ್ಲದಿದ್ದರೆ ಗೋವಾಕ್ಕೆ. ಊರಲ್ಲಿಲ್ಲ ಎಂದರೆ ಯಾರಿಗಾದರೂ ಮೊದಲು ಹೊಳೆಯಬೇಕಾಗಿದ್ದು ಅದೇ.

ಹಾಗಂತ ಮಾಸ್ತರುಗಳ ಮೇಲೆ ಅನುಮಾನವೇ ಪಡಬಾರದು ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಮೇಲೆ ಕೈ ಹಾಕುವ ಶಿಕ್ಷಕರೂ ಇದ್ದಾರೆ. ಅದಕ್ಕೇ 2012ರ ಪೋಕ್ಸೊ ಕಾಯ್ದೆಯಲ್ಲಿ ಶಾಲೆಯವರು ತಪ್ಪು ಮಾಡಿದರೆ ಶಿಕ್ಷೆ ಜಾಸ್ತಿ. ಗೊತ್ತಿದ್ದೂ ಪೊಲೀಸರಿಗೆ ಹೇಳದೆ ಮುಚ್ಚಿಟ್ಟರೆ ಅದೂ ಅಪರಾಧ. ಅನುಮಾನ ಬಂದರೆ ಬಾಯಿ ಮುಚ್ಚಿಕೊಂಡು ಕೂರಬೇಡಿ, ಠಾಣೆಗೆ ಹೋಗಿ ಹೇಳಿ. ಗ್ರೂಪಿಗೆ ಹೇಳಬೇಡಿ. ಒಂದು ಮಾತು ಯೋಚಿಸಿ: ಆ ಮಾಸ್ತರೇ ತಪ್ಪಿತಸ್ಥ ಆಗಿದ್ದರೆ ಏನಾಗುತ್ತಿತ್ತು? ನಮ್ಮ ಮೆಸೇಜು ಅವನ ಫೋನಿಗೂ ಹೋಗುತ್ತಿತ್ತು. ಸಿಮ್ ಬಿಸಾಕಿ, ಚಾಟ್ ಅಳಿಸಿ, ಹುಡುಗಿಯನ್ನು ಇನ್ನೂ ದೂರ ಸಾಗಿಸಲು ನಾವೇ ಅವನಿಗೆ ಸಮಯ ಕೊಟ್ಟಂತಾಗುತ್ತಿತ್ತು. ಅವನು ಒಳ್ಳೆಯವನಾಗಿದ್ದರೂ ಕೆಟ್ಟವನಾಗಿದ್ದರೂ ಆ ಮೆಸೇಜಿನಿಂದ ಹುಡುಗಿಗೆ ಒಂದು ಪೈಸೆಯ ಉಪಯೋಗ ಇರಲಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಸಂಜೆ ಬರದಿರಲಿ. ಬಂದರೆ ಮೊದಲು 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098 ಕೂಡ ಹಗಲು ರಾತ್ರಿ ಇರುತ್ತದೆ. ರೈಲು ಹತ್ತಿರಬಹುದು ಎಂಬ ಅನುಮಾನ ಇದ್ದರೆ ರೈಲ್ವೆ ಸಹಾಯವಾಣಿ 139. ನಮ್ಮ ಕರಾವಳಿಯಲ್ಲಿ ರೈಲು ಹತ್ತಿದರೆ ಒಂದೆರಡು ತಾಸಿನಲ್ಲಿ ಬೇರೆ ರಾಜ್ಯ, ಅದು ನೆನಪಿರಲಿ. ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು, ನಮ್ಮ ಸರಹದ್ದು ಅಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಝೀರೋ ಎಫ್‌ಐಆರ್ ಎಂದು ಕೇಳಿ. ಮಗುವಿನ ಕೋಣೆ, ಪುಸ್ತಕ, ಲ್ಯಾಪ್‌ಟಾಪ್ ಮುಟ್ಟದೆ ಹಾಗೇ ಬಿಡಿ. ಗೆಳೆಯ ಗೆಳತಿಯರನ್ನು ಗದರಿಸದೆ ಮಾತಾಡಿಸಿ, ಅವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ. ಫೋಟೊ ಹಂಚಲೇಬೇಕು ಎಂದು ಪೊಲೀಸರು ಹೇಳಿದರೆ ಅವರೇ ಮಾಡಿದ ಪ್ರಕಟಣೆಯನ್ನು ಹಂಚಿ, ಠಾಣೆಯ ನಂಬರಿನ ಜೊತೆ. ಮನೆಯವರ ನಂಬರ್ ಬೇಡ.

ಮಗು ಸಿಕ್ಕ ಮೇಲೆ ಹಂಚಿದ್ದನ್ನೆಲ್ಲ ಅಳಿಸುವುದು ಇನ್ನೂ ಮುಖ್ಯ. ರಕ್ಷಣೆ ಬೇಕಾದ ಮಗುವಿನ ಹೆಸರು, ಫೋಟೊ, ಶಾಲೆ ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಠಾಣೆಯಲ್ಲಿ ಇದನ್ನು ನನಗೆ ಹೇಳಿದಾಗ ತಲೆ ಎತ್ತಲು ಆಗಲಿಲ್ಲ.

ಒಂದು ತಿಂಗಳ ನಂತರ ಮಾಸ್ತರ ಮನೆಗೆ ಹೋದೆ. ಒಡೆದ ಹಂಚಿನ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ ಹೊದೆಸಿದ್ದರು. ಜಗಲಿಯ ಕಪ್ಪು ಹಲಗೆಯ ಮೇಲೆ ತ್ರಿಕೋನಮಿತಿಯ ಒಂದು ಲೆಕ್ಕ ಅರ್ಧಕ್ಕೆ ನಿಂತಿತ್ತು. ಆ ದಿನದ ನಂತರ ಮಕ್ಕಳು ಬಂದಿರಲಿಲ್ಲ. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟು ಮಾತಾಡದೆ ಒಳಗೆ ಹೋದರು. ತಪ್ಪಾಯಿತು ಎಂದು ಕೈ ಹಿಡಿದುಕೊಂಡೆ. ಮಾಸ್ತರು ಸಿಟ್ಟು ಮಾಡಲಿಲ್ಲ. ‘ನನ್ನ ಹೆಂಡತಿ ನಂಬರ್ ನಿಮ್ಮ ತಂಗಿ ಹತ್ರ ಇತ್ತಲ್ಲ. ಒಂದು ಫೋನ್ ಮಾಡಬಹುದಿತ್ತು’ ಎಂದರು, ಅಷ್ಟೇ. ನನಗೆ ಉತ್ತರ ಇರಲಿಲ್ಲ. ಆ ಬೇಸಿಗೆಯಲ್ಲಿ ಅವರು ಮನೆ ಖಾಲಿ ಮಾಡಿ ಘಟ್ಟದ ಮೇಲೆ ಹೋದರು.

ಹುಡುಗಿ ಈಗ ಚೆನ್ನಾಗಿದ್ದಾಳೆ, ಓದುತ್ತಾಳೆ. ಆದರೆ ಹೊಸ ಕಾಲೇಜಿನಲ್ಲಿ ಯಾರಾದರೂ ಫೋನ್ ನೋಡಿ ನಕ್ಕರೂ ತನ್ನ ಫೋಟೊವೇ ಇರಬೇಕು ಎಂದುಕೊಳ್ಳುತ್ತಾಳೆ. ಮೊನ್ನೆಯ ಮೆಸೇಜನ್ನು ಅವಳಿಗೆ ತೋರಿಸಿಲ್ಲ. ನಿಮ್ಮ ಗ್ರೂಪುಗಳಲ್ಲಿ ಅದು ಇನ್ನೂ ಓಡಾಡುತ್ತಿರಬಹುದು. ಬೇರೆ ಯಾರದೋ ಮಗುವಿನ ಇಂಥದ್ದೇ ಹಳೇ ಮೆಸೇಜೂ ಇರಬಹುದು. ಕೆಳಗೆ ತಾರೀಖು ಇಲ್ಲದಿದ್ದರೆ, ಠಾಣೆಯ ನಂಬರ್ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ನಿಮ್ಮ ಫೋನಿನಲ್ಲಿದ್ದರೆ ದಯವಿಟ್ಟು ಇವತ್ತೇ ಅಳಿಸಿ. ಕಳಿಸಿದವರಿಗೂ ಹೇಳಿ, ಆ ಹುಡುಗಿ ಸಿಕ್ಕಿದ್ದಾಳೆ ಎಂದು.