ಮಾಟುಂಗಾದವರಿಗೆ ನಡಿಗೆಯೋ, ಜಿಮ್ಮೋ?

ತೂಕ ಇಳಿಸೋದೊಂದೇ ಗುರಿ ಅಂದ್ರೆ ಎರಡರಿಂದಲೂ ಜಾಸ್ತಿ ನಿರೀಕ್ಷೆ ಬೇಡ. ಮುಂಬೈ ಮಾಟುಂಗಾದ ಫೈವ್ ಗಾರ್ಡನ್ಸ್ ಪಾರ್ಕಿನಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗೋದು ಸುಮಾರು 150 ಕ್ಯಾಲೊರಿ. ವಾಪಸ್ ಬರುವಾಗ ಒಂದು ಬೆಣ್ಣೆ ಮಸಾಲೆ ದೋಸೆ ತಿಂದರೆ ಲೆಕ್ಕ ಚುಕ್ತಾ, ಮೇಲೆ ಸಾಲ ಬೇರೆ! ಹೊಟ್ಟೆ ಕರಗಬೇಕಾದರೆ ತಟ್ಟೆಯ ಕಡೆಯೇ ನೋಡಬೇಕು.

ಆರೋಗ್ಯದ ಮಾತು ಬೇರೆ. 1953ರಲ್ಲಿ ಬ್ರಿಟನ್ನಿನ ವೈದ್ಯ, ಸಂಶೋಧಕ ಜೆರ್ರಿ ಮಾರಿಸ್ ಲಂಡನ್ನಿನ ಡಬಲ್ ಡೆಕರ್ ಬಸ್ಸಿನವರ ಅಧ್ಯಯನ ಪ್ರಕಟಿಸಿದರು. ಕೂತೇ ಇರುವ ಡ್ರೈವರ್‌ಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಲ್ಲಿ ಹೃದ್ರೋಗ ಕಡಿಮೆ ಇತ್ತು. (ಡ್ರೈವರ್‌ಗಳ ಪ್ಯಾಂಟಿನ ಸೊಂಟವೂ ದೊಡ್ಡದಿತ್ತು, ಹಾಗಾಗಿ ಪೂರ್ತಿ ಶ್ರೇಯ ಮೆಟ್ಟಿಲಿಗೆ ಕೊಡೋಕಾಗಲ್ಲ.)

ನಡಿಗೆ ಪುಕ್ಕಟೆ. ಹೃದಯಕ್ಕೆ, ಬಿಪಿಗೆ, ಶುಗರಿಗೆ ಒಳ್ಳೆಯದು. ಆದರೆ ಜುಲೈ ಮಳೆಯಲ್ಲಿ ತಪ್ಪುತ್ತದೆ, ಅಲ್ವಾ?

ಜಿಮ್ಮಿಗೆ ದುಡ್ಡು ಬೇಕು. ಅಲ್ಲಿ ಭಾರ ಎತ್ತಿದರೆ ಸ್ನಾಯು, ಮೂಳೆ ಗಟ್ಟಿಯಾಗುತ್ತವೆ. ನಡಿಗೆ ಆ ಕೆಲಸವನ್ನು ಅಷ್ಟಾಗಿ ಮಾಡಲ್ಲ. 50 ದಾಟಿದವರಿಗೆ ಇದು ಸಣ್ಣ ವಿಷಯವಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಕೇಳುತ್ತದೆ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥದ್ದು, 2 ದಿನ ಸ್ನಾಯುಗಳಿಗೆ ಕೆಲಸ. ನನ್ನ ಆಯ್ಕೆ ನಡಿಗೆ, ಜೊತೆಗೆ ಮನೆಯಲ್ಲೇ ಬಸ್ಕಿ. ಜಿಮ್ಮಿಗೇ ಹೋಗೋದಾದರೆ ವರ್ಷದ ಫೀಸನ್ನು ಸುಮ್ನೆ ಒಂದೇ ಸಲ ಕಟ್ಟಬೇಡಿ.