ತರಗೆಲೆಯೋ, ಕೊಕೊಪೀಟೋ?

ಚಳಿ ‘ಶಿವ ಶಿವಾ’ ಎಂದು ಹೊರಡುವ ಮೊದಲೇ ಗಿಡಗಳ ಬುಡಕ್ಕೆ ಹೊದಿಕೆ ಹಾಕಿಬಿಡಬೇಕು. ಬೆಂಗಳೂರಿನಲ್ಲಿ ಮಾರ್ಚ್ ಬಿಸಿಲು ಶುರುವಾದ ಮೇಲೆ ಯೋಚಿಸಿದರೆ ತಡ.

ನೆಲದಲ್ಲಿ ನೆಟ್ಟ ಗಿಡಗಳಿಗಾದರೆ ನನ್ನ ಓಟು ತರಗೆಲೆಗೇ. ಈ ಹೊತ್ತಿಗೆ ಹೊಂಗೆ ಮರ ಎಲೆ ಉದುರಿಸುತ್ತದೆ, ರಸ್ತೆಬದಿಯಲ್ಲೇ ಪುಕ್ಕಟೆ ಸಿಗುತ್ತದೆ. ಗುಡಿಸಿ ಬೆಂಕಿ ಹಚ್ಚುವವರಿಗಿಂತ ಮುಂಚೆ ಹೋಗಬೇಕು, ಅಷ್ಟೆ! 3 ಇಂಚು ದಪ್ಪಕ್ಕೆ ಹರಡಿ, ಕಾಂಡದ ಸುತ್ತ 4 ಬೆರಳು ಜಾಗ ಬಿಡಿ. ಕಾಂಡಕ್ಕೆ ತಾಗಿದರೆ ಕೊಳೆರೋಗ ಬರಬಹುದು. ತೇವ ಉಳಿಯುತ್ತದೆ, ನಿಧಾನಕ್ಕೆ ಕೊಳೆತು ಗೊಬ್ಬರವಾಗುತ್ತದೆ, ಎರೆಹುಳುವಿಗೂ ಊಟ. ತಕರಾರು ಒಂದೇ, ಗೆದ್ದಲು. ವಾರಕ್ಕೊಮ್ಮೆ ಎಲೆ ಸರಿಸಿ ನೋಡುತ್ತಿರಿ.

ಕೊಕೊಪೀಟ್‌ಗೆ, ಅಂದರೆ ತೆಂಗಿನ ನಾರಿನ ಪುಡಿಗೆ, ದುಡ್ಡು ಕೊಡಬೇಕು. ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ, ಹಗುರ, ಆದ್ದರಿಂದ ತಾರಸಿಯ ಕುಂಡಗಳಿಗೆ ಸರಿ. ಆದರೆ ಅದರಲ್ಲಿ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪಿನಂಶ ಹೋಗಲು ಎರಡು ಮೂರು ಸಲ ತೊಳೆಯಬೇಕು. ಬರೀ ಮೇಲೆ ಉದುರಿಸಿದರೆ ಒಣಗಿ ಗಾಳಿಗೆ ಹಾರುತ್ತದೆ. ಮಣ್ಣಿಗೆ ಬೆರೆಸಿಯೇ ಬಳಸಿ. ಕುಂಡದಲ್ಲೂ ಅದರ ಮೇಲೆ ಒಂದು ಹಿಡಿ ತರಗೆಲೆ ಹಾಕುವವನು ನಾನು.